ಹಾರ್ಮೋನಿಯಂ ಪೆಟ್ಟಿಗೆಯಲ್ಲಿ ಹಿಡಿಯುವ ವಿಮಾನ ಮಾಡಿದ ಕಥೆ

ಕಳೆದ ಭಾನುವಾರ ಬೆಳಿಗ್ಗೆ ಏಳೂಕಾಲಿಗೆ ಕಲಬುರಗಿ ಜಿಲ್ಲೆಯ ಕಮಲಾಪುರದ ಹತ್ತಿರ ನಮ್ಮ ಕಾಕಾನ ಹೊಲದಲ್ಲಿ, ದಾರ ಕಟ್ಟಿ ಹಾರಿಸುವ ನನ್ನ ಪುಟ್ಟ ವಿಮಾನ ಒಂದರ ಹಿಂದೆ ಒಂದು ಮೂರು ಲೂಪ್ ಹೊಡೆಯಿತು, ಅಂದರೆ ಗಾಳಿಯಲ್ಲಿ ನಿಂತ ಚಕ್ರದ ಹಾಗೆ ಸುತ್ತು. ಮೂರನೆಯದು ಕೋಳಿಮೊಟ್ಟೆ ಆಕಾರದಲ್ಲಿತ್ತು, ಇರಲಿ. ದೀಪಾವಳಿ ಮುಗಿಸಿ ಹಿಡಿದ ಕೆಲಸ ಫೆಬ್ರವರಿ ಕೊನೆಗೆ ಇಲ್ಲಿಗೆ ಬಂತು. ನಡುವೆ ಒಂದು ವಿಮಾನ ಪುಡಿಯಾಯಿತು, ಒಂದು ಬ್ಯಾಟರಿ ಹನ್ನೊಂದು ದಿನ ದಾರಿಯಲ್ಲೇ ಕೂತಿತ್ತು, ಪತಂಗಕ್ಕೆ ಮಾಂಜಾ ದಾರ ಮಾಡುವವನು ಅಂತ ತಿಳಿದು ಅಂಗಡಿಯವರೊಬ್ಬರು ನನ್ನನ್ನು ಬರಿಗೈಯಲ್ಲಿ ಕಳಿಸಿದರು. ಮರೆಯುವ ಮುಂಚೆ ಬರೆದಿಡೋಣ ಅಂತ ಕೂತಿದ್ದೇನೆ. ನಮ್ಮ ಕಡೆ ಇನ್ಯಾರಾದರೂ ಇದಕ್ಕೆ ಕೈ ಹಾಕಿದರೆ ನನ್ನಷ್ಟು ತಿಣುಕಬಾರದು.

ಇದು ಡ್ರೋನ್ ಅಲ್ಲ, ರಿಮೋಟ್ ವಿಮಾನವೂ ಅಲ್ಲ. ಕಂಟ್ರೋಲ್ ಲೈನ್ ಅಂತಾರೆ. ನೀವು ಹೊಲದ ನಡುವೆ ಒಂದು ಹಿಡಿ ಹಿಡಿದು ನಿಲ್ಲುತ್ತೀರಿ. ಹಿಡಿಯಿಂದ ಎರಡು ದಾರ ಹೊರಟು ವಿಮಾನದ ಎಡ ರೆಕ್ಕೆಯ ತುದಿಗೆ ಹೋಗುತ್ತವೆ. ವಿಮಾನ ಗಾಣದ ಎತ್ತಿನ ಹಾಗೆ ನಿಮ್ಮ ಸುತ್ತ ಸುತ್ತುತ್ತದೆ, ಗಡಿಯಾರದ ಮುಳ್ಳಿಗೆ ಉಲ್ಟಾ. ಹಿಡಿಯನ್ನು ಮೇಲಕ್ಕೆ ಬಾಗಿಸಿದರೆ ಒಂದು ದಾರ ಎಳೆಯುತ್ತದೆ, ರೆಕ್ಕೆಯ ಬುಡದಲ್ಲಿರುವ ಬೆಲ್‌ಕ್ರ್ಯಾಂಕ್ ಅನ್ನುವ ಮೂರು ಮೂಲೆಯ ತುಂಡು ತಿರುಗುತ್ತದೆ, ಅದಕ್ಕೆ ಸಿಕ್ಕಿಸಿದ ಕಡ್ಡಿ ಬಾಲದ ಎಲಿವೇಟರ್ ಅನ್ನುವ ಆಡುವ ಪಟ್ಟಿಯನ್ನು ಎತ್ತುತ್ತದೆ, ವಿಮಾನ ಏರುತ್ತದೆ. ಕೆಳಕ್ಕೆ ಬಾಗಿಸಿದರೆ ಇಳಿಯುತ್ತದೆ. ಆಟವೆಲ್ಲ ಇಷ್ಟೇ. ಆದರೆ ಇಷ್ಟರಲ್ಲೇ ಲೂಪ್, ಚೌಕ ಲೂಪ್, ಎಂಟರ ಆಕಾರ, ತಲೆಕೆಳಗು ಎಲ್ಲ ಮಾಡಬಹುದು. ಅಮೆರಿಕದ ಜಿಮ್ ವಾಕರ್ ಅನ್ನುವವರು 1940ರ ಸುಮಾರಿಗೆ ಇದನ್ನು ಯು-ಕಂಟ್ರೋಲ್ ಅಂತ ಹೆಸರಿಟ್ಟು ಜನರ ಕೈಗೆ ಕೊಟ್ಟರು. ಇವತ್ತಿಗೂ ಇದಕ್ಕೆ ವಿಶ್ವ ಚಾಂಪಿಯನ್‌ಶಿಪ್ ನಡೆಯುತ್ತದೆ, ಕಸರತ್ತಿನ ವಿಭಾಗಕ್ಕೆ ಎಫ್2ಬಿ ಅಂತ ಹೆಸರು. ಅಲ್ಲಿಯ ವಿಮಾನಗಳು ಒಂದೂವರೆ ಮೀಟರ್ ರೆಕ್ಕೆಯವು. ನನ್ನದು 80 ಸೆಂಟಿಮೀಟರ್.

ನಾನು ಬೀದರ್‌ನಲ್ಲಿ ಬೆಳೆದವನು. ಬೀದರ್ ಹುಡುಗರಿಗೆ ವಿಮಾನ ಹೊಸದಲ್ಲ. ಆಕಾಶದಲ್ಲಿ ಕಸರತ್ತು ಮಾಡುವ ಸೂರ್ಯಕಿರಣ ತಂಡ 1996ರಲ್ಲಿ ಶುರುವಾಗಿದ್ದೇ ನಮ್ಮ ಊರಿನ ವಾಯುಪಡೆ ನೆಲೆಯಲ್ಲಿ. ನಾವು ಶಾಲೆಯ ಬಯಲಲ್ಲಿ ಪ್ರಾರ್ಥನೆಗೆ ನಿಂತಾಗ ಮೇಲೆ ಕಿರಣ್ ವಿಮಾನಗಳು ಸಾಲಾಗಿ ಹೋಗುತ್ತಿದ್ದವು, ಪ್ರಾರ್ಥನೆ ಯಾರಿಗೂ ಕೇಳಿಸುತ್ತಿರಲಿಲ್ಲ. ಈಗ ತಂಡ ಹಾಕ್ ವಿಮಾನ ಹಾರಿಸುತ್ತದೆ. ಲೂಪ್ ಅಂದರೇನು ಅಂತ ನನಗೆ ಯಾರೂ ಪಾಠ ಮಾಡಬೇಕಾಗಲಿಲ್ಲ. ಕತ್ತು ನೋಯುವಷ್ಟು ನೋಡಿದ್ದೆ. ಈಗ ಕಲಬುರಗಿಯಲ್ಲಿ ಕೆಲಸ, ಜೇವರ್ಗಿ ರಸ್ತೆಯ ಕಡೆ ಮೂರನೇ ಮಹಡಿಯಲ್ಲಿ ಬಾಡಿಗೆ ಕೋಣೆ. ಕಾರಿಲ್ಲ. ಹಾರಿಸಲು ಜಾಗ ಅಂದರೆ ಕಾಕಾನ ಹೊಲ, ಅದಕ್ಕೆ ಹುಮನಾಬಾದ್ ಕಡೆಯ ಬಸ್ ಹತ್ತಬೇಕು. ಅಂದಮೇಲೆ ವಿಮಾನ ಬಸ್ಸಿನಲ್ಲಿ ಬರಬೇಕು, ಜನರ ಮೊಣಕಾಲ ನಡುವೆ ಬದುಕಬೇಕು.

ಅಲ್ಲಿಂದ ಶುರುವಾಯಿತು ಪೆಟ್ಟಿಗೆಯ ಹುಡುಕಾಟ. ಸೂಟ್‌ಕೇಸ್ ನೋಡಿದೆ, ತೆಳ್ಳಗಿದ್ದವು. ಪ್ಲೈವುಡ್ ಪೆಟ್ಟಿಗೆ ಮಾಡಿಸಲು ಬಡಿಗೇರನನ್ನು ಕೇಳಿದರೆ ಎರಡೂವರೆ ಸಾವಿರ ಅಂದ. ದೀಪಾವಳಿಗೆ ಹೋದಾಗ ಕಾಕಾನ ಅಟ್ಟದ ಮೇಲೆ ಹಳೇ ಪೇಟಿಯ ಪೆಟ್ಟಿಗೆ ಕಂಡಿತು. ಪೇಟಿ ಅಂದರೆ ನಮ್ಮ ಕಡೆ ಹಾರ್ಮೋನಿಯಂ. ಕಾಕಾ ಭಜನೆಗೆ ಬಾರಿಸುತ್ತಿದ್ದ, ಆಮೇಲೆ ಇಲಿಗಳು ಅದರ ತಿದಿ ತಿಂದು ಹಾಕಿದವು, ಪೇಟಿ ಹೋಯಿತು, ಪೆಟ್ಟಿಗೆ ಉಳಿಯಿತು. "ಒಯ್ಯಪಾ ತಮ್ಮಾ, ನನಗ ಅದನ್ನ ನೋಡಿದ್ರ ಹೊಟ್ಟಿ ಉರಿತದ" ಅಂದ. ಒಳಗೆ ಅಳತೆ ಹಿಡಿದೆ: 58 ಉದ್ದ, 33 ಅಗಲ, 26 ಸೆಂಟಿಮೀಟರ್ ಎತ್ತರ. ವಿಮಾನಕ್ಕೆ ಪೆಟ್ಟಿಗೆ ಹುಡುಕುವುದನ್ನು ಬಿಟ್ಟು ಪೆಟ್ಟಿಗೆಗೆ ಹಿಡಿಯುವ ವಿಮಾನದ ನಕ್ಷೆ ಬರೆದೆ. ದೇಹ 56 ಸೆಂಟಿಮೀಟರ್, ಬಾಲದ ಅಗಲ 31, ರೆಕ್ಕೆ ಎರಡು ತುಂಡು, ಒಂದೊಂದು 40. ನೀವೂ ಹೀಗೇ ಮಾಡಿ. ಮೊದಲು ಪೆಟ್ಟಿಗೆ, ಆಮೇಲೆ ಪೆನ್ಸಿಲ್.

ಎಂಜಿನ್ ವಿಷಯಕ್ಕೆ ಒಂದು ಮಾತು. ಹಳಬರು ಸಣ್ಣ ಗ್ಲೋ ಎಂಜಿನ್, ಡೀಸೆಲ್ ಎಂಜಿನ್ ಹಾಕುತ್ತಿದ್ದರು. ಗ್ಲೋ ಎಂಜಿನ್‌ಗೆ ಮೆಥನಾಲ್, ನೈಟ್ರೊಮೀಥೇನ್, ಹರಳೆಣ್ಣೆ ಬೇಕು. ಮಾಡೆಲ್ ಡೀಸೆಲ್‌ಗೆ ಈಥರ್, ಸೀಮೆಎಣ್ಣೆ, ಹರಳೆಣ್ಣೆ. ಈ ಪಟ್ಟಿಯಲ್ಲಿ ನನಗೆ ಕಲಬುರಗಿಯಲ್ಲಿ ಸುಲಭವಾಗಿ ಸಿಕ್ಕಿದ್ದು ಹರಳೆಣ್ಣೆ ಮಾತ್ರ. ಹಾಗಾಗಿ ಸುಮ್ನೆ ಕರೆಂಟ್ ಮೋಟರ್‌ಗೆ ಬಂದೆ: 2212 ಸೈಜಿನ ಬ್ರಶ್‌ಲೆಸ್ ಮೋಟರ್, ಮೋಟರಿನ ವೇಗ ಹಿಡಿತದಲ್ಲಿಡುವ 30 ಆಂಪಿಯರ್ ಇಎಸ್‌ಸಿ, ಮೂರು ಸೆಲ್‌ನ 1300 ಎಂಎಎಚ್ ಲೀಪೋ (ಲಿಥಿಯಂ) ಬ್ಯಾಟರಿ, 8 ಇಂಚಿನ ಪ್ರೊಪೆಲ್ಲರ್. ರೇಡಿಯೋ ಇಲ್ಲವಲ್ಲ, ಮೋಟರ್ ಶುರು ಮಾಡಿ ನಿಲ್ಲಿಸಲು ಟೈಮರ್ ಬೇಕು. ರೆಡಿಮೇಡ್ ಟೈಮರ್ ಹೊರದೇಶದಿಂದ ತರಿಸಬೇಕು, ಅದರ ದುಡ್ಡಿಗೆ ಮೋಟರ್ ಮೂರು ಬರುತ್ತವೆ. ಆರ್ಡುಯಿನೋ ನ್ಯಾನೋ ಅನ್ನುವ ಒಂದು ಪುಟ್ಟ ಕಂಪ್ಯೂಟರ್ ಬೋರ್ಡ್ ತಗೊಂಡು ಪ್ರೋಗ್ರಾಂ ಬರೆದೆ. ಗುಂಡಿ ಒತ್ತಿದ ಮೇಲೆ 30 ಸೆಕೆಂಡ್ ಸುಮ್ಮನಿರು, ಮೂರೂವರೆ ನಿಮಿಷ ಓಡು, ಆಮೇಲೆ ನಿಲ್ಲು. ಆ 30 ಸೆಕೆಂಡ್‌ನಲ್ಲಿ ನೀವು ಹೋಗಿ ಹಿಡಿ ಹಿಡಿಯಬೇಕು. ಮನೆಯಲ್ಲಿ ಇದನ್ನು ಪರೀಕ್ಷೆ ಮಾಡುವಾಗ ಪ್ರೊಪೆಲ್ಲರ್ ಬಿಚ್ಚಿಡಿ. ನಾನು ಬಿಚ್ಚಿಟ್ಟಿದ್ದೆ, ಅದಕ್ಕೇ ಹತ್ತೂ ಬೆರಳಲ್ಲಿ ಬರೆಯುತ್ತಿದ್ದೇನೆ.

ಸಾಮಾನು ತರಿಸಿದ ಕಥೆ. ಬಾಲ್ಸಾ ಅನ್ನುವ ತುಂಬಾ ಹಗುರದ ಕಟ್ಟಿಗೆ ಬೆಂಗಳೂರಿನಿಂದ ಬಂತು, ಒಂಬತ್ತು ಹಾಳೆಯಲ್ಲಿ ಎರಡು ಮುರಿದಿದ್ದವು. ಮೋಟರ್ ನಾಲ್ಕು ದಿನಕ್ಕೆ ಬಂತು. ಬ್ಯಾಟರಿ ಬರಲಿಲ್ಲ. ಲಿಥಿಯಂ ಬ್ಯಾಟರಿಯನ್ನು ವಿಮಾನದಲ್ಲಿ ಕಳಿಸಲು ಕಟ್ಟುನಿಟ್ಟು ಜಾಸ್ತಿ, ಅದಕ್ಕೆ ರಸ್ತೆಯಲ್ಲೇ ಕಳಿಸುತ್ತಾರೆ. ವಿಮಾನದ ಬ್ಯಾಟರಿಗೆ ವಿಮಾನ ಹತ್ತಲು ಬಿಡುವುದಿಲ್ಲ ಅಂತ ಕೋಣೆಯ ಗೆಳೆಯ ದಿನಾ ನಗುತ್ತಿದ್ದ. ಹನ್ನೊಂದನೇ ದಿನ ಬಂತು. ಬ್ಯಾಟರಿಯನ್ನೇ ಮೊದಲು ಆರ್ಡರ್ ಮಾಡಿ, ಉಳಿದದ್ದು ಆಮೇಲೆ. ಬಂದ ಮೇಲೆ ಪೂರ್ತಿ ಚಾರ್ಜ್ ಮಾಡಿ ವಾರಗಟ್ಟಲೆ ಇಡಬೇಡಿ, ಚಾರ್ಜ್‌ಗೆ ಹಾಕಿ ಹೊರಗೂ ಹೋಗಬೇಡಿ. ನಾನು ಕಡಪಾ ಕಲ್ಲಿನ ಮೇಲಿಟ್ಟು ಎದುರಿಗೇ ಕೂತು ಚಾರ್ಜ್ ಮಾಡುತ್ತೇನೆ.

ಕಟ್ಟುವ ಕೆಲಸದಲ್ಲಿ ನನಗೆ ತುಂಬಾ ಖುಷಿ ಕೊಟ್ಟದ್ದು ಸಂತೆಯ ಸಾಮಾನು ಎಷ್ಟು ಕೆಲಸಕ್ಕೆ ಬರುತ್ತದೆ ಅನ್ನುವುದು. ಬೆಲ್‌ಕ್ರ್ಯಾಂಕ್‌ಗೆ ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ ಹೈಲಂ ಶೀಟಿನ (ಕರೆಂಟ್ ಹಾಯದ ಗಟ್ಟಿ ಹಾಳೆ) ತುಂಡು ಸಿಕ್ಕಿತು, ಐದು ಸೆಂಟಿಮೀಟರ್ ಅಗಲಕ್ಕೆ ಕೊರೆದೆ. ಎಲಿವೇಟರ್ ಕಡ್ಡಿಗೆ ಸೈಕಲ್ ಸ್ಪೋಕು, ಎರಡು ಮಿಲಿಮೀಟರ್ ದಪ್ಪ, ಹೇಳಿ ಮಾಡಿಸಿದ ಹಾಗಿದೆ. ರೆಕ್ಕೆಯ ಎರಡು ತುಂಡು ಕೂಡಿಸಲು 8 ಮಿಲಿಮೀಟರಿನ ಕಾರ್ಬನ್ ಕೊಳವೆ. ಅದು ಬಿಗಿಯಾಗಿ ಕೂರುವ ತೂತಿಗೆ ಹಳೇ ಕರೆಂಟ್ ಬಿಲ್ಲಿನ ಕಾಗದವನ್ನೇ ಫೆವಿಕಾಲ್ ಹಚ್ಚಿ ಆ ಕೊಳವೆಯ ಸುತ್ತ ಸುತ್ತಿದೆ, ಆರು ಸುತ್ತು. ಕೊಳವೆಗೆ ಮೊದಲು ಮೇಣ ಒರೆಸಬೇಕು, ಇಲ್ಲದಿದ್ದರೆ ಬಿಲ್ಲು ಕೊಳವೆಗೆ ಜನ್ಮಕ್ಕೆ ಅಂಟಿಕೊಳ್ಳುತ್ತದೆ. ನನ್ನ ಮೊದಲನೆಯದು ಅಂಟಿಕೊಂಡೇ ಇದೆ. ಹೊದಿಕೆಗೆ ಪತಂಗದ ಕಾಗದ, ನೀರು ಬೆರೆಸಿದ ಫೆವಿಕಾಲ್, ಅದರ ಮೇಲೆ ಫರ್ನಿಚರಿಗೆ ಹೊಡೆಯುವ ಸ್ಯಾಂಡಿಂಗ್ ಸೀಲರ್ ಎರಡು ಕೋಟ್. ಸೀಲರ್ ಕಿಟಕಿ ತೆಗೆದು ಹೊಡೆಯಿರಿ, ತಲೆ ಗಿರ್ ಅನ್ನುತ್ತದೆ.

ಇಲ್ಲಿ ಒಂದು ತಪ್ಪು ಮಾಡಿದೆ. ಬೇಗ ಒಣಗಲಿ ಅಂತ ಬಲ ರೆಕ್ಕೆಯನ್ನು ಮಾಳಿಗೆಯ ಬಿಸಿಲಿಗಿಟ್ಟೆ. ನಮ್ಮ ಬಿಸಿಲು ಗೊತ್ತಲ್ಲ, ಡಿಸೆಂಬರ್ ಆದರೂ ಬಿಸಿಲೇ. ಅರ್ಧ ಗಂಟೆಗೆ ರೆಕ್ಕೆ ಸುಟ್ಟ ಹಪ್ಪಳದ ಹಾಗೆ ತಿರುಚಿಕೊಂಡಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ, ಕಪಾಟಿನ ಚಪ್ಪಟೆ ಹಲಗೆಯ ಮೇಲಿಟ್ಟು, ಮೇಲೆ ಒಂದೊಂದು ಕಿಲೋದ ತೊಗರಿಬೇಳೆ ಪಾಕೀಟು ನಾಲ್ಕು ಹೇರಿ ಎರಡು ದಿನ ಬಿಟ್ಟೆ. ಬೇಳೆ ಪಾಕೀಟು ಇಟ್ಟಿಗೆಯ ಹಾಗಲ್ಲ, ರೆಕ್ಕೆಯ ಉಬ್ಬಿಗೆ ಹೊಂದಿಕೊಂಡು ಕೂರುತ್ತದೆ. ರೆಕ್ಕೆ ನೆಟ್ಟಗಾಯಿತು. ಆ ಎರಡು ದಿನ ನಮ್ಮ ಕೋಣೆಯಲ್ಲಿ ಬೇಳೆಸಾರಿಲ್ಲ.

ಮುಗಿದಾಗ ತೂಕ 420 ಗ್ರಾಂ. ಬ್ಯಾಲೆನ್ಸ್, ಅಂದರೆ ಬೆರಳ ಮೇಲಿಟ್ಟರೆ ವಿಮಾನ ಸಮವಾಗಿ ನಿಲ್ಲುವ ಜಾಗ, ರೆಕ್ಕೆಯ ಮುಂದಿನ ಅಂಚಿನಿಂದ 3.2 ಸೆಂಟಿಮೀಟರಿಗೆ ಬರುವ ಹಾಗೆ ಬ್ಯಾಟರಿ ಸರಿಸಿದೆ, ಅಂದರೆ ರೆಕ್ಕೆಯ ಅಗಲದ ಐದನೇ ಒಂದು ಭಾಗ. ಇದಕ್ಕಿಂತ ಹಿಂದೆ ಹೋದರೆ ವಿಮಾನ ಚಂಚಲವಾಗುತ್ತದೆ, ಹೊಸಬರ ಕೈಗೆ ನಿಲ್ಲುವುದಿಲ್ಲ. ದಾರ ಹೊರಬರುವ ಜಾಗ ಆ ಬ್ಯಾಲೆನ್ಸ್‌ಗಿಂತ ಒಂದು ಸೆಂಟಿಮೀಟರ್ ಹಿಂದೆ. ದಾರದ ಭಾರ ಎಡಕ್ಕೆ ಇರುವುದರಿಂದ ಬಲ ರೆಕ್ಕೆಯ ತುದಿಗೆ ತೂಕ ಬೇಕು: ಹಿತ್ತಾಳೆ ಬಣ್ಣದ ಐದು ರೂಪಾಯಿಯ ಎರಡು ನಾಣ್ಯ ಅಂಟಿಸಿದೆ, ನನ್ನ ತಕ್ಕಡಿಯಲ್ಲಿ 12 ಗ್ರಾಂ. ಮೋಟರನ್ನೂ ಒಂದೆರಡು ಡಿಗ್ರಿ ಬಲಕ್ಕೆ, ಅಂದರೆ ಸುತ್ತಿನ ಹೊರಕ್ಕೆ ತಿರುಗಿಸಿಟ್ಟೆ. ಇದೆಲ್ಲ ಯಾಕೆ ಅಂದರೆ ದಾರ ಯಾವಾಗಲೂ ಬಿಗಿಯಾಗಿರಬೇಕು. ದಾರ ಸಡಿಲವಾದರೆ ವಿಮಾನ ನಿಮ್ಮದಲ್ಲ.

ಇನ್ನು ದಾರ. ಮೊದಲು ನೈಲಾನ್ ಗಾಳದ ದಾರ ತಂದೆ, ರಬ್ಬರಿನ ಹಾಗೆ ಹಿಗ್ಗಿತು. ಹೆಣೆದ ದಾರ ಬೇಕು, ಬ್ರೇಡ್ ಅಂತಾರೆ, ಅದು ಹಿಗ್ಗುವುದಿಲ್ಲ. ಕಲಬುರಗಿಯ ಸೂಪರ್ ಮಾರ್ಕೆಟ್ ಏರಿಯಾ ಕಡೆ ಒಂದು ಅಂಗಡಿಯಲ್ಲಿ ಕೇಳಿದೆ. ಗಟ್ಟಿ ಇರಬೇಕು, ತೆಳ್ಳಗಿರಬೇಕು, ನೂರು ಮೀಟರ್ ಬೇಕು ಅಂದೆ. ಅಂಗಡಿಯವರು ನನ್ನನ್ನು ಕೆಳಗಿಂದ ಮೇಲಿನತನಕ ನೋಡಿದರು. "ಮಾಂಜಾಕ ಏನ್ರೀ? ಅದೆಲ್ಲ ಬಂದ್ ಆಗ್ಯದ. ನಮಗ ಕೇಸ್ ಬ್ಯಾಡ್ರೀ, ಮುಂದ ಹೋಗ್ರಿ." ಸಂಕ್ರಾಂತಿ ಹತ್ತಿರವಿತ್ತು, ಚೀನೀ ಮಾಂಜಾದಿಂದ ಜನರ ಕತ್ತು ಕುಯ್ದ ಸುದ್ದಿ ಪೇಪರಿನಲ್ಲಿ ಬರುವ ದಿನಗಳು. ಅವರದೇನೂ ತಪ್ಪಿಲ್ಲ, ವಿಮಾನಕ್ಕೆ ಅಂದಿದ್ದರೆ ಇನ್ನೂ ಬೇಗ ಕಳಿಸುತ್ತಿದ್ದರು. ಕೊನೆಗೆ ಅದನ್ನೂ ಆನ್‌ಲೈನ್‌ನಲ್ಲೇ ತರಿಸಿದೆ. 13 ಮೀಟರಿನ ಎರಡು ದಾರ. ಎರಡೂ ಒಂದೇ ಉದ್ದ ಇರಬೇಕು, ಬೆರಳಗಲ ಹೆಚ್ಚುಕಮ್ಮಿಯಾದರೂ ಹಿಡಿ ಸೊಟ್ಟ ಹಿಡಿಯಬೇಕಾಗುತ್ತದೆ. ನಮ್ಮ ಮಾಳಿಗೆ ಒಂಬತ್ತು ಮೀಟರ್ ಉದ್ದ ಅಷ್ಟೇ. ಬೆಳಿಗ್ಗೆ ಐದೂವರೆಗೆ ಓಣಿಯಲ್ಲಿ ಗೇಟಿನಿಂದ ಗೇಟಿಗೆ ಕಟ್ಟಿ ಅಳೆದೆ. ಹಾಲಿನವರು ಸೈಕಲ್ ಇಳಿದು ಬಗ್ಗಿ ಕೆಳಗಿಂದ ದಾಟಿಕೊಂಡು ಹೋದರು, ಒಂದು ಮಾತು ಕೇಳಲಿಲ್ಲ.

ಕಾಗದಪತ್ರದ ವಿಷಯ. ಇದು ಡ್ರೋನ್ ಅಲ್ಲ ಅಂತ ನಿಮಗೆ ಗೊತ್ತು, ದೂರದಿಂದ ನೋಡುವವರಿಗೆ ಗೊತ್ತಿಲ್ಲ. ಮೊದಲು ಡ್ರೋನ್‌ಗಳಿಗಾಗಿ ಸರಕಾರ ಮಾಡಿದ ಡಿಜಿಟಲ್ ಸ್ಕೈ ತಾಣದ ನಕ್ಷೆಯಲ್ಲಿ ಹೊಲ ಯಾವ ಬಣ್ಣದಲ್ಲಿದೆ, ಅಂದರೆ ಅಲ್ಲಿ ಹಾರಿಸಲು ತಡೆ ಇದೆಯೋ ಇಲ್ಲವೋ, ನೋಡಿಕೊಂಡೆ. ಬೀದರ್‌ನಲ್ಲಿ ವಾಯುನೆಲೆ ಇದೆ, ಕಲಬುರಗಿಯಲ್ಲಿ 2019ರಿಂದ ವಿಮಾನ ನಿಲ್ದಾಣ ಇದೆ, ಈ ಎರಡರ ಆಸುಪಾಸು ದಾರ ಕಟ್ಟಿದ ಆಟಿಕೆಯನ್ನೂ ಹಾರಿಸುವ ಉಸಾಬರಿ ಬೇಡ. ಆಮೇಲೆ ಬಿಳಿ ಹಾಳೆಯಲ್ಲಿ ಒಂದು ಅರ್ಜಿ ಬರೆದೆ: ಹೆಸರು, ಹೊಲದ ಸರ್ವೆ ನಂಬರ್, ಯಾವ ಭಾನುವಾರ, ಎಷ್ಟು ಗಂಟೆಗೆ, ರೇಡಿಯೋ ಇಲ್ಲ, ಕ್ಯಾಮೆರಾ ಇಲ್ಲ, ದಾರ 13 ಮೀಟರ್. ಜೊತೆಗೆ ವಿಮಾನದ ಫೋಟೋ, ಆಧಾರ್ ಜೆರಾಕ್ಸ್, ಕಾಕಾನ ಒಪ್ಪಿಗೆ ಪತ್ರ. ಪೊಲೀಸ್ ಠಾಣೆಯಲ್ಲಿ ಮುಕ್ಕಾಲು ಗಂಟೆ ಬೆಂಚಿನ ಮೇಲೆ ಕೂತೆ. ಒಬ್ಬರು ಬಂದು ಓದಿದರು, ಫೋಟೋ ನೋಡಿದರು. "ದಾರ ಹರದ್ರ ಎಲ್ಲಿ ಹೋಗ್ತದ ಇದು?" ಅಂತ ಕೇಳಿದರು. ಒಳ್ಳೆಯ ಪ್ರಶ್ನೆ. ನೇರ ಹೋಗಿ ಬೀಳುತ್ತದೆ ಸರ್, ಅದಕ್ಕೇ ಸುತ್ತಮುತ್ತ ಯಾರನ್ನೂ ನಿಲ್ಲಿಸುವುದಿಲ್ಲ ಅಂದೆ. ನನ್ನ ಪ್ರತಿಯ ಮೇಲೆ ಸೀಲು ಹಾಕಿ ಕೊಟ್ಟರು. ಆ ಹಾಳೆ ಈಗಲೂ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದೆ. ಇಲ್ಲಿಯವರೆಗೆ ಇಬ್ಬರು ಕೇಳಿದ್ದಾರೆ, ಇಬ್ಬರಿಗೂ ಅದನ್ನೇ ತೋರಿಸಿದೆ.

ಜನವರಿ ಎರಡನೇ ಭಾನುವಾರ ಮೊದಲ ಸಲ ಹೊರಟೆ. ಬಸ್ಸಿನಲ್ಲಿ ಪೆಟ್ಟಿಗೆ ನೋಡಿದ ಕಂಡಕ್ಟರ್ "ಪೇಟಿ ಏನ್ರೀ? ಭಜನಾಕ ಹೊಂಟೀರೇನು?" ಅಂದರು. ಹೂಂ ಅಂದುಬಿಟ್ಟೆ. ವಿಮಾನ ಅಂತ ಹೇಳಿ ಇಡೀ ಬಸ್ಸಿಗೆ ಉತ್ತರ ಕೊಡುವ ಧೈರ್ಯ ಇರಲಿಲ್ಲ.

ಕಾಕಾ ತೋರಿಸಿದ ಮೊದಲ ತುಂಡು ಚೆನ್ನಾಗಿತ್ತು, ಸಪಾಟಾಗಿತ್ತು, ಆದರೆ ಮೂಲೆಯ ಮೇಲೆ ಕರೆಂಟ್ ತಂತಿ ಹಾದಿತ್ತು. ಬೇಡ ಅಂದೆ. ಅಷ್ಟು ದೂರ ಅದ ಅಲ್ಲೋ ಅಂತ ಕಾಕಾ. ಇದೊಂದು ವಿಷಯದಲ್ಲಿ ಯಾರ ಮಾತೂ ಕೇಳಬೇಡಿ. ದಾರ ತಂತಿಗೆ ತಾಗಿದರೆ ಕರೆಂಟು ನಿಮ್ಮ ಕೈಗೇ ಬರಬಹುದು, ಈ ಆಟದಲ್ಲಿ ಜನ ಸತ್ತಿರುವುದು ಹೀಗೆ. ತಂತಿ ಕಣ್ಣಿಗೆ ಹತ್ತಿರ ಅನ್ನಿಸಿದರೆ ಹೊಲವನ್ನೇ ಬದಲಿಸಿ. ಎರಡನೇ ತುಂಡಿನಲ್ಲಿ ತಂತಿ ಇರಲಿಲ್ಲ, ಆದರೆ ಆಗಷ್ಟೇ ತೊಗರಿ ಕೊಯ್ದಿದ್ದರು. ಕೊಯ್ದ ತೊಗರಿಯ ಬುಡ ನೋಡಿದ್ದೀರಲ್ಲ, ಓರೆಯಾಗಿ ಕತ್ತರಿಸಿದ ಮೊಳೆಗಳ ಹಾಗೆ ನಿಂತಿರುತ್ತವೆ. ನೆಲದ ಮೇಲೆ ಬಿಟ್ಟ ದಾರ ಪ್ರತಿ ಬುಡಕ್ಕೂ ಸಿಕ್ಕಿಕೊಂಡಿತು. ಕಾಕು ಮನೆಯಿಂದ ತೊಗರಿ ಒಣಗಿಸುವ ತಾಡಪತ್ರಿ ಎರಡು ಕೊಟ್ಟು ಕಳಿಸಿದಳು. ಅವನ್ನು ಉದ್ದಕ್ಕೆ ಹಾಸಿ ಅದರ ಮೇಲೆ ದಾರ ಬಿಚ್ಚಿದೆ.

ವಿಮಾನ ಜೋಡಿಸಲು 25 ನಿಮಿಷ ಹಿಡಿಯಿತು. ನನ್ನ ಮೊದಲ ವಿನ್ಯಾಸದಲ್ಲಿ ಬೆಲ್‌ಕ್ರ್ಯಾಂಕ್ ದೇಹಕ್ಕೆ ಕೂಡಿಸಿತ್ತು. ಪ್ರತಿ ಸಲ ದಾರ ಸಿಕ್ಕಿಸುವ ಎರಡು ತಂತಿಯನ್ನು ಎಡ ರೆಕ್ಕೆಯ ಒಳಗಿಂದ ತೂರಿಸಿ, ಬುಡದಲ್ಲಿ ಬೆಲ್‌ಕ್ರ್ಯಾಂಕ್‌ಗೆ ಕ್ಲಿಪ್ ಹಾಕಬೇಕು. ತೂತು ಸಣ್ಣದು, ಬೆರಳು ದಪ್ಪ, ಬೆಳಗಿನ ಚಳಿ, ಸುತ್ತ ಊರಿನ ಎಂಟು ಹತ್ತು ಹುಡುಗರು, ಹಾರ್ತದೇನ್ರೀ ಹಾರ್ತದೇನ್ರೀ ಅಂತ. ಕಾಕಾನ ಮಗ ವಿಮಾನ ಹಿಡಿದು ನಿಂತ. ನಾನು ಟೈಮರ್ ಒತ್ತಿ ಓಡಿದೆ, ಹಿಡಿಯ ಪಟ್ಟಿ ಮಣಿಕಟ್ಟಿಗೆ ಹಾಕಿಕೊಂಡೆ, ಮೋಟರ್ ಗುಂಯ್ ಅಂತು. "ಅಣ್ಣಾ, ಬಿಡ್ಲೇನು?" ಬಿಡು ಅಂದೆ. ವಿಮಾನ ಕೈಬಿಟ್ಟ ಕೂಡಲೇ ಒಂದಿಷ್ಟು ಕುಸಿಯಿತು. ಹಿಡಿಯನ್ನು ಮೇಲಕ್ಕೆ ಎತ್ತಿದೆ. ಇನ್ನೂ ಕುಸಿಯಿತು. ಪೂರ್ತಿ ಎತ್ತಿದೆ. ಮೂತಿ ಮುಂದಾಗಿ ಎರೆಮಣ್ಣಿಗೆ ಹೊಕ್ಕಿತು. ಎಲ್ಲ ಸೇರಿ ಎರಡು ಸೆಕೆಂಡ್.

ಯಾರೂ ಮಾತಾಡಲಿಲ್ಲ. ಕಾಕಾ ಬಂದು ಬಗ್ಗಿ ನೋಡಿದ. "ತಮ್ಮಾ, ಬಿತ್ತಿಗಿ ಹಂಗಾಮ ಮುಗದದಲ್ಲೋ" ಅಂದ. ಹುಡುಗರು ನಕ್ಕರು, ನನಗೂ ನಗು ಬಂತು, ಬಸ್ಸಿನಲ್ಲಿ ವಾಪಸ್ ಬರುವಾಗ ಮಾತ್ರ ಬರಲಿಲ್ಲ. ರಾತ್ರಿ ತುಂಡುಗಳನ್ನು ಮೇಜಿನ ಮೇಲೆ ಹರವಿ ನೋಡಿದೆ. ಮುಂದಿನ ದಾರದ ಕ್ಲಿಪ್ ಹಿಂದಿನ ತೂತಿನಲ್ಲಿತ್ತು. ಎರಡೂ ಕ್ಲಿಪ್ ಒಂದೇ ಥರ, ಅದಲುಬದಲು ಹಾಕಿದ್ದೆ. ಮೇಲೆ ಅಂದರೆ ಕೆಳಗೆ. ಬಿಡುವ ಮುಂಚೆ ಒಂದು ಸಲ ಹಿಡಿ ಎತ್ತಿ ಬಾಲ ನೋಡಿದ್ದರೆ ಗೊತ್ತಾಗುತ್ತಿತ್ತು. ನೋಡಲಿಲ್ಲ.

ಒಂದು ವಾರ ಪೆಟ್ಟಿಗೆ ಮುಟ್ಟಲಿಲ್ಲ. ಆಮೇಲೆ ನಿಧಾನಕ್ಕೆ ತಲೆಗೆ ಹೊಳೆಯಿತು, ತಪ್ಪು ಕೈಯದಷ್ಟೇ ಅಲ್ಲ, ನಕ್ಷೆಯದೂ ಹೌದು. ಕಳಚುವ ವಿಮಾನ ಪ್ರತಿ ಸಲ ಹೊಸದಾಗಿ ಹುಟ್ಟುತ್ತದೆ. ತಪ್ಪಾಗಿ ಜೋಡಿಸಲು ಬರುವ ಕೀಲು ಒಂದಿದ್ದರೆ ಒಂದಲ್ಲ ಒಂದು ಬೆಳಿಗ್ಗೆ ಅದನ್ನು ತಪ್ಪಾಗಿಯೇ ಜೋಡಿಸುತ್ತೀರಿ. ಹಾಗಾಗಿ ಎರಡನೇ ವಿಮಾನದಲ್ಲಿ ಬೆಲ್‌ಕ್ರ್ಯಾಂಕನ್ನು ಎಡ ರೆಕ್ಕೆಯ ಬುಡಕ್ಕೇ ಕೂಡಿಸಿದೆ. ಈಗ ರೆಕ್ಕೆಯ ಒಳಗಿನ ತಂತಿಗಳನ್ನು ಬಿಚ್ಚುವ ಮಾತೇ ಇಲ್ಲ. ಬಿಚ್ಚುವುದು ಸ್ಪೋಕಿನ ಒಂದು ಕೊಂಡಿ ಮಾತ್ರ, ಅದನ್ನು ಉಲ್ಟಾ ಹಾಕಲು ಬರುವುದಿಲ್ಲ. ರೆಕ್ಕೆಯ ತುದಿಯಲ್ಲಿ ದಾರ ಸಿಕ್ಕಿಸುವ ಕಡೆ ಒಂದಕ್ಕೆ ದಪ್ಪ ಕ್ಲಿಪ್ಪು ದೊಡ್ಡ ಕುಣಿಕೆ, ಇನ್ನೊಂದಕ್ಕೆ ತೆಳು ಕ್ಲಿಪ್ಪು ಸಣ್ಣ ಕುಣಿಕೆ. ದಪ್ಪದ್ದು ಸಣ್ಣ ಕುಣಿಕೆಗೆ ಹೋಗುವುದೇ ಇಲ್ಲ. ಸಾಲದ್ದಕ್ಕೆ ಮೇಲಿನ ದಾರಕ್ಕೆ ಎರಡೂ ಕಡೆ ಕೆಂಪು ನೇಲ್ ಪಾಲಿಶ್. ಜೋಡಿಸುವ ಹೊತ್ತು 25 ನಿಮಿಷದಿಂದ ಆರಕ್ಕೆ ಇಳಿಯಿತು.

ಆದರೆ ಇದರಿಂದ ಇನ್ನೊಂದು ತೊಂದರೆ ಹುಟ್ಟಿತು. ಮೊದಲು ದಾರದ ಎಳೆತ ದೇಹಕ್ಕೆ ಬೀಳುತ್ತಿತ್ತು, ಎಡ ರೆಕ್ಕೆ ಸುಮ್ನೆ ದೇಹಕ್ಕೆ ಒತ್ತಿಕೊಂಡು ಕೂತಿರುತ್ತಿತ್ತು. ಈಗ ದಾರ ಹಿಡಿದಿರುವುದು ಎಡ ರೆಕ್ಕೆಯನ್ನು. ದೇಹ, ಮೋಟರ್, ಬ್ಯಾಟರಿ, ಬಲ ರೆಕ್ಕೆ ಎಲ್ಲವೂ ಎಡ ರೆಕ್ಕೆ ದೇಹಕ್ಕೆ ಸೇರುವ ಕೀಲಿನಿಂದ ಹೊರಕ್ಕೆ ಜಗ್ಗುತ್ತವೆ. ನನ್ನ ಲೆಕ್ಕಕ್ಕೆ ಸೆಕೆಂಡಿಗೆ 17 ಮೀಟರ್ ವೇಗದಲ್ಲಿ ಕೈಗೆ ಬರುವ ಎಳೆತ ಒಂದು ಕಿಲೋ ಹತ್ತಿರ. ಗಾಳಿ, ಲೂಪ್ ಎಲ್ಲ ಸೇರಿದರೆ ಜಾಸ್ತಿ. ಅದಕ್ಕೆ ಐದು ಕಿಲೋ ಹಾಕಿ ನೋಡೋಣ ಅಂತ ರೆಕ್ಕೆಯ ತಂತಿಗಳನ್ನು ಮೆಟ್ಟಿಲ ಮೇಲಿನ ಕೊಕ್ಕೆಗೆ ಸಿಕ್ಕಿಸಿ, ವಿಮಾನವನ್ನು ಕೆಳಕ್ಕೆ ಇಳಿಬಿಟ್ಟು, ದೇಹಕ್ಕೆ ಐದು ಲೀಟರ್ ನೀರಿನ ಕ್ಯಾನ್ ಕಟ್ಟಿದೆ. ಹತ್ತು ಎಣಿಸುವಷ್ಟರಲ್ಲಿ ಟಪ್ ಅಂತು. ರೆಕ್ಕೆಯನ್ನು ದೇಹಕ್ಕೆ ಬಿಗಿದ ನೈಲಾನ್ ಬೋಲ್ಟು ಗಟ್ಟಿಯಾಗೇ ಇತ್ತು, ಅದು ಕೂತಿದ್ದ ಬಾಲ್ಸಾ ತೂತೇ ಕಿತ್ತು ಬಂದಿತ್ತು. ದೇಹ ಮೆಟ್ಟಿಲ ಮೇಲೆ, ಕ್ಯಾನ್ ಉರುಳಿಕೊಂಡು ಎರಡನೇ ಮಹಡಿಯ ಬಾಗಿಲಿಗೆ, ನೀರು ಮಾಲೀಕರ ಚಪ್ಪಲಿಗೆ. ಆ ಜಾಗಕ್ಕೆ ಎರಡು ಮಿಲಿಮೀಟರಿನ ಪ್ಲೈ ತುಂಡು ಅರಾಲ್ಡೈಟ್‌ನಲ್ಲಿ ಕೂರಿಸಿ ಮತ್ತೆ ತೂಗಹಾಕಿದೆ. ಈ ಸಲ ಐದು ನಿಮಿಷ ನಿಂತಿತು. ಹೊಲಕ್ಕೆ ಹೋಗುವ ಮುಂಚೆ ಇದನ್ನು ಮನೆಯಲ್ಲೇ ಮಾಡಿ. ಗಾಳಿಯಲ್ಲಿ ಕಿತ್ತುಹೋದರೆ ಅದು ಚಪ್ಪಲಿಯ ಮೇಲೆ ಬೀಳುವುದಿಲ್ಲ.

ಫೆಬ್ರವರಿ ಮೊದಲ ಭಾನುವಾರ ಹೊಲ ಕುಂಟೆ ಹೊಡೆದು ಸಪಾಟಾಗಿತ್ತು. ಹಿಡಿ ಎತ್ತಿದೆ, ಕಾಕಾನ ಮಗ ಬಾಲ ನೋಡಿ "ಮ್ಯಾಲ" ಅಂದ. ಇಳಿಸಿದೆ, "ಕೆಳಗ" ಅಂದ. ಬಿಟ್ಟ.

ಹಾರಿತು. ಐದು ಸೆಕೆಂಡಿಗೊಂದು ಸುತ್ತು. ಮೊದಲ ಮೂರು ಸುತ್ತು ಮೇಲೆ ಕೆಳಗೆ ಕುದುರೆಯ ಹಾಗೆ ಕುಣಿಯಿತು, ತಪ್ಪು ನನ್ನದು, ಮಣಿಕಟ್ಟು ಆಡಿಸುತ್ತಿದ್ದೆ. ಮಣಿಕಟ್ಟು ಬಿಗಿ ಹಿಡಿದು ಇಡೀ ತೋಳಿನಿಂದ ಆಡಿಸಿದರೆ ವಿಮಾನ ಶಾಂತವಾಗುತ್ತದೆ. ಎಂಟನೇ ಸುತ್ತಿಗೆ ತಲೆ ತಿರುಗಲು ಶುರುವಾಯಿತು. ಎಲ್ಲರಿಗೂ ಆಗುತ್ತದಂತೆ. ಗಿಡ, ಗುಡಿಸಲು ನೋಡಬೇಡಿ, ವಿಮಾನ ಒಂದನ್ನೇ ನೋಡಿ, ಅದು ನಿಂತೇ ಇರುತ್ತದೆ, ಲೋಕ ಅದರ ಹಿಂದೆ ಓಡುತ್ತದೆ. ಮೂರೂವರೆ ನಿಮಿಷಕ್ಕೆ ಮೋಟರ್ ನಿಂತಾಗ ವಿಮಾನ ಜಾರಿಕೊಂಡು ಇಳಿಯಿತು, ನಾನು ಅಲ್ಲೇ ಮಣ್ಣಿನ ಮೇಲೆ ಕೂತೆ. ಕೈ ನಡುಗುತ್ತಿತ್ತು. ಕಾಕು ರೊಟ್ಟಿ, ಶೇಂಗಾ ಹಿಂಡಿ ತಂದಿದ್ದಳು, ರೊಟ್ಟಿ ಮುರಿಯಲು ಆಗಲಿಲ್ಲ.

ಆಮೇಲಿನ ಮೂರು ಭಾನುವಾರ ಅದೇ ಕೆಲಸ. ಏಳಕ್ಕೆ ಹಾರಿಸಲು ಶನಿವಾರ ರಾತ್ರಿಯೇ ಹೋಗಿ ಉಳಿಯಬೇಕು, ಒಂಬತ್ತರ ಮೇಲೆ ಗಾಳಿ ಏಳುತ್ತದೆ. ಲೂಪ್ ಹೊಡೆಯುವಾಗ ಗಾಳಿ ನಿಮ್ಮ ಬೆನ್ನಿಗಿರಬೇಕು, ವಿಮಾನ ನಿಮ್ಮ ಎದುರಿಗೆ. ಆಗ ಗಾಳಿಯೇ ಅದನ್ನು ದೂರ ತಳ್ಳಿ ದಾರ ಬಿಗಿ ಇಡುತ್ತದೆ. ಗಾಳಿ ಬರುವ ಕಡೆ ಹೊಡೆದರೆ ವಿಮಾನ ನಿಮ್ಮ ಮೇಲೇ ಬರುತ್ತದೆ. ಪ್ರತಿ ಲೂಪಿಗೂ ದಾರ ಒಂದರ ಮೇಲೊಂದು ಒಂದು ಸುತ್ತು ಹೆಣೆದುಕೊಳ್ಳುತ್ತದೆ, ಮೂರು ಸುತ್ತಿದ್ದರೂ ಕೆಲಸ ನಡೆಯುತ್ತದೆ, ಹೆದರಬೇಡಿ. ಬ್ರೇಡ್ ದಾರ ಜಾರುತ್ತದೆ. ಹೊರ ಲೂಪ್, ಅಂದರೆ ಹಿಡಿ ಕೆಳಕ್ಕೆ ಬಾಗಿಸಿ ಹೊಡೆಯುವ ಲೂಪ್, ಹೊಡೆದರೆ ತಾನೇ ಬಿಚ್ಚಿಕೊಳ್ಳುತ್ತದೆ. ನನಗೆ ಹೊರ ಲೂಪ್ ಇನ್ನೂ ಬರುವುದಿಲ್ಲ, ಇಳಿಸಿ ಕೈಯಲ್ಲೇ ಬಿಚ್ಚುತ್ತೇನೆ.

ಖರ್ಚು ಎಲ್ಲರೂ ಕೇಳುತ್ತಾರೆ. ಮೋಟರ್ 520, ಇಎಸ್‌ಸಿ 430, ಬ್ಯಾಟರಿ 1150, ಚಾರ್ಜರ್ 1600, ನ್ಯಾನೋ 280, ಬಾಲ್ಸಾ ಕೊರಿಯರ್ ಸೇರಿ 1450, ಪ್ಲೈ 180, ಕಾರ್ಬನ್ ಕೊಳವೆ 420, ಅಂಟು ಸೀಲರ್ ಎಲ್ಲ 350, ನಾಲ್ಕು ಪ್ರೊಪೆಲ್ಲರ್ 240, ದಾರ 480, ಕ್ಲಿಪ್ 60, ಪತಂಗದ ಕಾಗದ 40. ಒಟ್ಟು 7200. ಬಿದ್ದ ಮೇಲೆ ಮತ್ತೆ ಕಟ್ಟಲು 900. ಬಸ್ ಚಾರ್ಜು ಬರೆದಿಟ್ಟಿಲ್ಲ, ಬೇಕೆಂತಲೇ. ಚಾರ್ಜರ್ ಮಾತ್ರ ಅಗ್ಗದ್ದು ತಗೋಬೇಡಿ, ಉಳಿದದ್ದರಲ್ಲಿ ಎಷ್ಟು ಬೇಕಾದರೂ ಉಳಿಸಿ.

ಭಾನುವಾರ ಲೂಪ್ ಹೊಡೆದು ಹಿಂತಿರುಗುವಾಗ ಅದೇ ಕಂಡಕ್ಟರ್. ಬಸ್ ಖಾಲಿ ಇತ್ತು. "ಏನ್ರೀ, ಪ್ರತಿ ಐತವಾರ ಹೊತ್ಕೊಂಡು ಹೊಂಟೀರಿ, ಒಂದ್ ಪದ ಹಾಡ್ರಲ್ಲ" ಅಂದರು. ಮುಚ್ಚಳ ತೆಗೆದು ತೋರಿಸಿದೆ. ಸೀಟಿನ ಅಂಚಿಗೆ ಕೂತು ರೆಕ್ಕೆ ಮುಟ್ಟಿ ನೋಡಿದರು, ಬಾಲ ಆಡಿಸಿ ನೋಡಿದರು, ಮುಚ್ಚಳದ ಒಳಗಿನ ಸೀಲು ಓದಿದರು. ಆಮೇಲೆ ಪೇಟಿಗೆ ಬಿಟ್ಟಿದ್ದೆ, ವಿಮಾನಕ್ಕೆ ಬಿಡೂದಿಲ್ಲ ಅಂತ ನಕ್ಕು ಲಗೇಜ್ ಟಿಕೆಟ್ ಕೊಟ್ಟರು.